ಕಲ್ಲು ಪುಡಿ ಮಾಡಿದ್ದಕ್ಕೆ ಪೂರ್ತಿ ಅಂಕ, ಒಳಗೆ ಬಿಟ್ಟ ನಳಿಕೆಗೆ ಸೊನ್ನೆ

ನಾನು ಪೀಣ್ಯದಲ್ಲಿ ಟರ್ನರ್. ಲೇತ್ ಮುಂದೆ ನಿಂತು 27 ವರ್ಷ ಆಯಿತು. ನಮ್ಮ ಶೆಡ್ಡಿನವರಿಗೆ ಟಾಯ್ಲೆಟ್ ಇರುವುದು ಮೂರು ಕಟ್ಟಡದಾಚೆ. ಹಾಗಾಗಿ ನೀರು ಕುಡಿಯುವುದೇ ಕಡಿಮೆ. ಎಡಗಡೆ ಕಿಡ್ನಿಯಲ್ಲಿ 11 ಮಿ.ಮೀ. ಕಲ್ಲು ಕೂತಿದ್ದು ಹೀಗೆ.

ಬಾಳೆದಿಂಡಿನ ಪಲ್ಯ ತಿಂದೆ, ಹುರುಳಿಕಟ್ಟು ಕುಡಿದೆ. ಒಂದು ರಾತ್ರಿ ಸೊಂಟ ಹಿಡಿದುಕೊಂಡು ನೆಲದಲ್ಲಿ ಹೊರಳಾಡಿದ ಮೇಲೆ ಮಗಳು ಒಂದು ಖಾಸಗಿ ಆಸ್ಪತ್ರೆಯ ಯೂರಾಲಜಿ, ಅಂದರೆ ಕಿಡ್ನಿ-ಮೂತ್ರದ ದಾರಿಯ ಚಿಕಿತ್ಸೆಯ ವಿಭಾಗಕ್ಕೆ ಕರೆದುಕೊಂಡು ಹೋದಳು. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ನನ್ನ ತಕರಾರು ಒಂದೇ ಆಸ್ಪತ್ರೆಯ ಮೇಲೆ ಅಲ್ಲ ಅಂತ ಆಮೇಲೆ ಗೊತ್ತಾಯಿತು.

ಮೊದಲು ಒಳ್ಳೆಯದು. ಡಾಕ್ಟರು ಸ್ಕ್ಯಾನ್ ತೋರಿಸಿ ನಿಧಾನವಾಗಿ ಹೇಳಿದರು. "ಯಜಮಾನ್ರೆ, ಹೊರಗಿನಿಂದ ಶಾಕ್‌ವೇವ್, ಅಂದರೆ ಒತ್ತಡದ ಅಲೆ ಹೊಡೆದು ಒಡೆಯಬಹುದು. ಆದರೆ ನಿಮ್ಮದು ಗಟ್ಟಿ ಕಲ್ಲು, ಕೆಳಗಿನ ಮೂಲೆಯಲ್ಲಿದೆ. ಒಡೆದರೂ ಚೂರು ಹೊರಗೆ ಬರುವುದು ಕಷ್ಟ." ಆ ಅಲೆಯ ಮೆಷಿನ್ ಹುಟ್ಟಿದ್ದು ಡಾರ್ನಿಯರ್ ಎಂಬ ಜರ್ಮನ್ ವಿಮಾನ ಕಂಪನಿಯಲ್ಲಂತೆ. ಜೋರಾಗಿ ಹಾರುವ ವಿಮಾನಕ್ಕೆ ಮಳೆಹನಿ ಬಡಿದರೆ ಲೋಹಕ್ಕೆ ಏನಾಗುತ್ತದೆ ಅಂತ ನೋಡುತ್ತಿದ್ದವರು ಅವರು. 1980ರ ಫೆಬ್ರವರಿ 7ರಂದು ಮ್ಯೂನಿಕ್‌ನಲ್ಲಿ ಮೊದಲ ರೋಗಿಯನ್ನು ನೀರಿನ ತೊಟ್ಟಿಯಲ್ಲಿ ಇಟ್ಟು ಕಲ್ಲು ಒಡೆದರು. ವಿಮಾನ ಕಟ್ಟುವವರ ಬುದ್ಧಿ ಕಿಡ್ನಿಗೆ ಬಂತು ನೋಡಿ.

ನನಗೆ ಮಾಡಿದ್ದು ಲೇಸರ್. ಮೂತ್ರದ ದಾರಿಯಲ್ಲೇ 3 ಮಿ.ಮೀ. ಆಸುಪಾಸು ದಪ್ಪದ, ಬಾಗುವ ಸ್ಕೋಪ್, ಅಂದರೆ ಒಳಗೆ ನೋಡುವ ಕೊಳವೆ ಕಳಿಸುತ್ತಾರೆ. ತುದಿ 270 ಡಿಗ್ರಿ ತಿರುಗುತ್ತದೆ. ಅದರೊಳಗೆ ಕೂದಲಿನಂಥ ಫೈಬರ್, ಅದರ ಮೂಲಕ ಬರುವ ಲೇಸರ್ ಕಲ್ಲನ್ನು ಪುಡಿ ಮಾಡುತ್ತದೆ. ಎಲ್ಲೂ ಕೊಯ್ಯುವುದಿಲ್ಲ. ಮಾರನೇ ದಿನ ಸಂಜೆ ಮನೆಗೆ ಬಂದೆ. ಇಷ್ಟಕ್ಕೆ ಐದಕ್ಕೆ ಐದು.

ಮನೆಯಲ್ಲಿ ಮಲಗಿದ್ದಾಗ ಹಳೆಯದನ್ನೆಲ್ಲ ಓದಿದೆ. ಆಪರೇಷನ್ ಹಿಂದಿನ ದಿನ ಒಪ್ಪಿಗೆ ಫಾರಂಗೆ ಸಹಿ ಹಾಕುವಾಗ ಸುಮ್ನೆ ಗೊಣಗಿದ್ದೆ. ಈ ಒಪ್ಪಿಗೆ ಕೇಳುವ ಮಾತನ್ನು ಸುಶ್ರುತ ಯಾವತ್ತೋ ಹೇಳಿದ್ದಾನೆ. ಕಲ್ಲಿಗೆ ಶಸ್ತ್ರ ಹಾಕದಿದ್ದರೆ ಸಾವು ಖಂಡಿತ, ಹಾಕಿದರೆ ಬದುಕು ಅನುಮಾನ, ಅದಕ್ಕೇ ಮೊದಲು ಒಡೆಯನನ್ನು ಕೇಳಿ ಮಾಡು ಅಂತ. ಗ್ರೀಕರ ಹಿಪಾಕ್ರಟೀಸ್ ಪ್ರತಿಜ್ಞೆಯಲ್ಲಿ ವೈದ್ಯರು ಇನ್ನೂ ಜಾಣರು. ಕಲ್ಲಿಗೆ ನಾವು ಕೊಯ್ಯುವುದಿಲ್ಲ, ಆ ಕೆಲಸದವರಿಗೇ ಬಿಡುತ್ತೇವೆ ಅಂದುಬಿಟ್ಟರು. ಅಂದರೆ ಬೇರೆ ಕಸುಬು ಅಂತ ಆಗಲೇ ಪಾಲಾಗಿತ್ತು, ಅಲ್ವಾ?

ನನಗೆ ಜಾಸ್ತಿ ಹಿಡಿಸಿದವನು ಕ್ಲಾಡ್ ಮಾರ್ಟಿನ್. ಲಖನೌದಲ್ಲಿದ್ದ ಫ್ರೆಂಚ್ ಸೈನ್ಯಾಧಿಕಾರಿ. 1782ರ ಹೊತ್ತಿಗೆ ಅವನ ಮೂತ್ರಚೀಲದಲ್ಲಿ ಕಲ್ಲು. ಕೊಯ್ಯಿಸಿಕೊಳ್ಳಲು ಮನಸ್ಸಿಲ್ಲ. ಹೆಣಿಗೆ ಕಡ್ಡಿಯ ತುದಿಗೆ ಅರದ ಹಾಗೆ ಹಲ್ಲು ಮಾಡಿಕೊಂಡ. ಅದನ್ನು ತಾನೇ ಒಳಗೆ ತೂರಿಸಿ, ದಿನಕ್ಕೆ ಹಲವು ಸಲ, ತಿಂಗಳುಗಟ್ಟಲೆ ಕಲ್ಲನ್ನು ಉಜ್ಜಿದ. ಅರಿವಳಿಕೆ ಇಲ್ಲದ ಕಾಲ! ಅರ ಹಿಡಿದು ಬದುಕಿದ ನನಗೇ ಓದುವಾಗ ತೊಡೆ ನಡುಗಿತು.

1824ರಲ್ಲಿ ಪ್ಯಾರಿಸ್ಸಿನ ಸಿವಿಯಾಲ್ ಇದೇ ಕೆಲಸಕ್ಕೆ ಸರಿಯಾದ ಟೂಲ್ ತಂದ. ಮೂರು ಉಗುರು ಕಲ್ಲನ್ನು ಹಿಡಿಯುತ್ತದೆ, ನಡುವೆ ಡ್ರಿಲ್. ಲೇತಿನಲ್ಲಿ ಜಾಬ್ ಹಿಡಿಯುವ ನಮ್ಮ ಮೂರು ಹಲ್ಲಿನ ತ್ರೀ-ಜಾ ಚಕ್ ಇದ್ದ ಹಾಗೆ. ಆದರೆ ಅವನು ಕೈಯ ಅಂದಾಜಿನಲ್ಲೇ ಮಾಡಬೇಕಿತ್ತು, ಒಳಗೆ ಏನೂ ಕಾಣುತ್ತಿರಲಿಲ್ಲ. 1879ರಲ್ಲಿ ನಿಟ್ಜೆ ಎಂಬ ಜರ್ಮನ್ ವೈದ್ಯ ವಿಯೆನ್ನಾದ ಉಪಕರಣ ತಯಾರಕ ಲೈಟರ್ ಜೊತೆ ಸೇರಿ ಮೂತ್ರಚೀಲ ನೋಡುವ ಕೊಳವೆ ಮಾಡಿದ. ಕಾದ ಪ್ಲಾಟಿನಂ ತಂತಿಯ ಬೆಳಕು, ಅದು ಸುಡದಂತೆ ಸುತ್ತ ಹರಿಯುವ ತಣ್ಣೀರು. ನಾವು ಲೇತಿನಲ್ಲಿ ಟೂಲ್ ತಣಿಸಲು ಬಿಡುವ ಕೂಲಂಟ್ ಹಾಗೆಯೇ! ಯೂರಾಲಜಿ ಅಂದರೆ ಅರ್ಧ ಡಾಕ್ಟರ ಕಥೆ, ಇನ್ನರ್ಧ ನಮ್ಮಂಥ ಟೂಲ್‌ರೂಮಿನವರದು. ನಮ್ಮವರ ಹೆಸರು ಮಾತ್ರ ಯಾರಿಗೂ ನೆನಪಿರುವುದಿಲ್ಲ.

ಈಗ ತಕರಾರು. ಲೇಸರ್ ಆದ ಮೇಲೆ ಕಿಡ್ನಿಯಿಂದ ಮೂತ್ರಚೀಲದ ತನಕ ಒಂದು ತೆಳು ನಳಿಕೆ ಬಿಟ್ಟಿದ್ದರು. ಡಿಜೆ, ಅಂದರೆ ಡಬಲ್ ಜೆ ಸ್ಟೆಂಟ್. ಎರಡು ತುದಿಯೂ ಸುರುಳಿ. ಬೇಕಾದದ್ದೇ, ಇಲ್ಲದಿದ್ದರೆ ಊತ ಬಂದು ದಾರಿ ಕಟ್ಟಬಹುದು. ಆದರೆ ಅದು ಹೀಗೆಲ್ಲ ಕಾಡುತ್ತದೆ ಅಂತ ಒಬ್ಬರೂ ಹೇಳಲಿಲ್ಲ. ಮೂರನೇ ದಿನ ಉಚ್ಚೆ ಕೆಂಪಗೆ ಬಂತು. ಹೋಗುವಾಗ ಬೆನ್ನಿಗೆ ಚುಚ್ಚಿದ ಹಾಗೆ. ಗಾಬರಿಯಿಂದ ಫೋನ್ ಮಾಡಿದರೆ ಸಿಸ್ಟರ್ "ಅದು ಕಾಮನ್ ಸರ್" ಅಂದು ಇಟ್ಟರು. ಕಾಮನ್ ಆದರೆ ಮೊದಲೇ ಹೇಳಬಹುದಿತ್ತಲ್ಲ? ತೆಗೆಸುವ ದಿನಾಂಕ ಡಿಸ್ಚಾರ್ಜ್ ಹಾಳೆಯ ಹಿಂದೆ, ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ ಇತ್ತು. ಮಗಳು ನೋಡದಿದ್ದರೆ ಮರೆತೇ ಹೋಗುತ್ತಿತ್ತು. ಮರೆತ ಸ್ಟೆಂಟ್ ಮೇಲೇ ಹೊಸ ಕಲ್ಲು ಕಟ್ಟುತ್ತದೆ. ತೆಗೆದ ಖರ್ಚು 6,500 ರೂಪಾಯಿ ಪ್ಯಾಕೇಜಿನಲ್ಲಿ ಸೇರಿಲ್ಲ ಅಂತ ಕೌಂಟರಿನಲ್ಲೇ ಗೊತ್ತಾಗಿದ್ದು. ಪರಿಚಯದ ನಾಲ್ಕು ಜನರನ್ನು ಕೇಳಿದೆ. ಬೇರೆ ಬೇರೆ ಆಸ್ಪತ್ರೆ, ಇದೇ ಕಥೆ. ನೀವು ಹೋಗುವುದಾದರೆ ಎರಡು ಪ್ರಶ್ನೆ ಕೇಳಿಯೇ ಸಹಿ ಹಾಕಿ: ಸ್ಟೆಂಟ್ ಯಾವ ದಿನ ತೆಗೀತೀರಿ, ದುಡ್ಡು ಇದರಲ್ಲೇ ಸೇರಿದೆಯಾ?

ತೆಗೆದಿದ್ದು ಎರಡೇ ನಿಮಿಷ. ಸ್ಕ್ರೀನಿನಲ್ಲಿ ನಾನೂ ನೋಡಿದೆ. ಮುಂದೇನು ಬರುತ್ತದೆ ಅಂತ ಡಾಕ್ಟರನ್ನು ಕೇಳಿದೆ. ರೋಬೋ ಇದೆ, ಪ್ರಾಸ್ಟೇಟ್ ಗ್ರಂಥಿಯ ಆಪರೇಷನ್ನಿಗೆ ಜಾಸ್ತಿ ಬಳಸುತ್ತೇವೆ ಅಂದರು. ಕಲ್ಲಿಗೆ ಈಗ ಥೂಲಿಯಂ ಫೈಬರ್ ಲೇಸರ್, ಹಿಟ್ಟಿನ ಹಾಗೆ ನುಣ್ಣಗೆ ಪುಡಿ ಮಾಡುತ್ತದಂತೆ. ನಮ್ಮ ಪಕ್ಕದ ಶೆಡ್ಡಿನಲ್ಲಿ ಶೀಟ್ ಕತ್ತರಿಸುವುದೂ ಫೈಬರ್ ಲೇಸರೇ. ಅದರ ಫೈಬರಿನಲ್ಲಿ ಇಟರ್ಬಿಯಂ ಎಂಬ ಲೋಹ, ಇದರಲ್ಲಿ ಥೂಲಿಯಂ ಎಂಬ ಲೋಹ. ಹಾಗೆಂದಾಗ ಡಾಕ್ಟರು ಕನ್ನಡಕ ತೆಗೆದು ಹತ್ತು ನಿಮಿಷ ನನ್ನ ಹತ್ತಿರವೇ ವಿಷಯ ಕೇಳಿದರು. ಹೊರಗೆ ಕ್ಯೂ ಬೈಯುತ್ತಿತ್ತು.

ಒಟ್ಟು ಐದಕ್ಕೆ ಮೂರೂವರೆ. ಪರೀಕ್ಷೆಗೆ ಕಳಿಸಿ ಉಳಿದ ಕಲ್ಲಿನ ಒಂದು ಚೂರು ಡಬ್ಬಿಯಲ್ಲಿ ಕೊಟ್ಟಿದ್ದಾರೆ. ಮೈಕ್ರೋಮೀಟರಿನಲ್ಲಿ ಅಳೆದೆ, 1.42 ಮಿ.ಮೀ. ಮಗಳು ತಂದ ಎರಡು ಲೀಟರ್ ಬಾಟಲಿ ಈಗ ಲೇತ್ ಪಕ್ಕದಲ್ಲಿದೆ. ಟಾಯ್ಲೆಟ್ ಇನ್ನೂ ಮೂರು ಕಟ್ಟಡದಾಚೆಯೇ ಇದೆ.