ಮೇಲಿನವರಿಗೇ ಹೆಚ್ಚೋ, ಎಲ್ಲರಿಗೂ ಸಮವೋ: ಯಾವ ಪೋಕರ್ ಟೂರ್ನಮೆಂಟ್ ಆಡಬೇಕು?

ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಗೋವಾ ಬಸ್ಸು ಹತ್ತುವ ಪೋಕರ್ ಆಟಗಾರರು ಬರೀ ಎಂಟ್ರಿ ಫೀ ನೋಡಿ ಟೂರ್ನಮೆಂಟ್ ಆರಿಸಬಾರದು. ಮೊದಲು ನೋಡಬೇಕಾದ್ದು ಬಹುಮಾನದ ಹಂಚಿಕೆ. ಅದು ಬದಲಾದರೆ ಅದೇ ಎಲೆಯನ್ನು ಆಡುವ ರೀತಿಯೂ ಬದಲಾಗುತ್ತದೆ.

ಲೆಕ್ಕ ಹಾಕಿ ನೋಡಿ. ನಾಲ್ವರು ಉಳಿದಿದ್ದಾರೆ, ಎಲ್ಲರ ಮುಂದೆಯೂ ಸಮ ಚಿಪ್ಸ್. ಒಬ್ಬ ಎಲೆ ನೋಡದೆಯೇ ಆಲ್-ಇನ್ ಹಾಕಿದ, ಅಂದರೆ ತನ್ನ ಚಿಪ್ಸ್ ಎಲ್ಲವನ್ನೂ ಪಣಕ್ಕಿಟ್ಟ. ನಿಮ್ಮ ಕೈಯಲ್ಲಿ 9ರ ಜೋಡಿ. ಗೆಲ್ಲುವ ಸಾಧ್ಯತೆ ಸುಮಾರು ಶೇ. 72. ಬ್ಲೈಂಡ್ (ಎಲೆ ನೋಡುವ ಮೊದಲೇ ಕಟ್ಟಬೇಕಾದ ಕಡ್ಡಾಯ ಪಣ) ಬದಿಗಿಟ್ಟರೆ, ಗೆದ್ದವನಿಗೇ ಪೂರ್ತಿ ಹಣ ಎನ್ನುವ ಕಡೆ ಕಾಲ್ ಮಾಡಲು (ಅವನಷ್ಟೇ ಪಣ ಹಾಕಿ ಎದುರಿಸಲು) ಗೆಲ್ಲುವ ಸಾಧ್ಯತೆ ಶೇ. 50 ಇದ್ದರೆ ಸಾಕು. ಮೊದಲ ಮೂವರಿಗೆ ಶೇ. 50-30-20 ಹಂಚಿಕೆಯಲ್ಲಿ ಶೇ. 65 ಬೇಕು. ಏಕೆಂದರೆ ಈಗ ಒಟ್ಟು ಬಹುಮಾನದಲ್ಲಿ ನಿಮ್ಮ ಪಾಲು ಶೇ. 25. ಚಿಪ್ಸ್ ಇಮ್ಮಡಿಯಾದರೂ ಪಾಲು ಏರುವುದು ಸುಮಾರು ಶೇ. 38ಕ್ಕೆ ಮಾತ್ರ. ಮೂವರಿಗೆ ಸಮಾನ ಸೀಟು (ಹಣದ ಬದಲು ದೊಡ್ಡ ಟೂರ್ನಮೆಂಟಿಗೆ ಪ್ರವೇಶ) ಕೊಡುವ ಸ್ಯಾಟಲೈಟ್ ಎಂಬ ಅರ್ಹತಾ ಟೂರ್ನಮೆಂಟಿನಲ್ಲಿ ಶೇ. 75 ಬೇಕು. ಅಲ್ಲಿ ಆ ಜೋಡಿಯನ್ನು ಕೆಳಗಿಡಲೇಬೇಕು.

ಸ್ಯಾಟಲೈಟಿನಲ್ಲಿ ಹೆಚ್ಚು ಜನ ಎಡವುವುದೂ ಇಲ್ಲೇ. ಸೀಟು ಬಹುತೇಕ ಖಚಿತವಾದ ಮೇಲೂ ಚಿಪ್ಸ್ ಗುಡ್ಡೆ ಹಾಕಲು ಹೋಗುತ್ತಾರೆ. ಹೆಚ್ಚುವರಿ ಚಿಪ್ಸ್‌ಗೆ ಅಲ್ಲಿ ಬೆಲೆಯಿಲ್ಲ. ಎಕ್ಕದ ಜೋಡಿಯನ್ನೂ ಬಿಡುವುದೇ ಸರಿಯಾಗುವ ಸಂದರ್ಭ ಉಂಟು.

ಬೌಂಟಿ ಟೂರ್ನಮೆಂಟಿನದು ಉಲ್ಟಾ ಲೆಕ್ಕ: ಎದುರಾಳಿಯನ್ನು ಹೊರಹಾಕಿದ ತಕ್ಷಣ ಹಣ ಬರುವುದರಿಂದ ಕಾಲ್ ಸ್ವಲ್ಪ ಸಡಿಲವಾಗಿಸಬಹುದು. ಆದರೆ ನಿಮಗಿಂತ ಹೆಚ್ಚು ಚಿಪ್ಸ್ ಇರುವವನ ಬೌಂಟಿ ಆ ಕೈಯಲ್ಲಿ ಸಿಗುವುದಿಲ್ಲ, ನೆನಪಿರಲಿ.

ಕೈಯಲ್ಲಿ ದುಡ್ಡು ಕಡಿಮೆಯಿದ್ದರೆ ಸಮ ಹಂಚಿಕೆಯದನ್ನೇ ಆರಿಸಿ. ಮೊದಲ ಸ್ಥಾನಕ್ಕೇ ಸಿಂಹಪಾಲು ಹೋಗುವ ಕಡೆ ಚೆನ್ನಾಗಿ ಆಡಿದರೂ ಸಾಲುಸಾಲಾಗಿ ಬರಿಗೈಯಲ್ಲಿ ಏಳಬೇಕಾಗುತ್ತದೆ.