ಕಳೆಯೋ ಲೆಕ್ಕ ಕಲಿಸೋಕೆ ಯಾವ್ದು ಒಳ್ಳೇದು: ಹುಣಸೆ ಬೀಜ, ಸಂಖ್ಯಾರೇಖೆ, ಮೊಟ್ಟೆ ಟ್ರೇ, ಮಣಿಸರ

ಕೂಡೋ ಲೆಕ್ಕ ಪಟಪಟ ಅಂತ ಹೇಳೋ ಮಕ್ಳೂ ಕಳೆಯೋದು ಅಂದ ತಕ್ಷಣ ಬೆರಳು ಮಡಚೋಕೆ ಶುರು ಮಾಡ್ತಾರೆ. 13ರಲ್ಲಿ 7 ಹೋದ್ರೆ ಎಷ್ಟು ಅಂತ ಕೇಳಿ ನೋಡಿ, ಕೈಬೆರಳು ಸಾಲಲ್ಲ, ಸ್ಲೇಟಲ್ಲಿ ಹದಿಮೂರು ಗೆರೆ ಎಳೆದು ಏಳಕ್ಕೆ ಅಡ್ಡಗೆರೆ ಹೊಡೆದು ಉಳಿದಿದ್ದನ್ನ ಮತ್ತೆ ಒಂದರಿಂದ ಎಣಿಸ್ಕೊಂಡು ಕೂರ್ತಾರೆ. ಸಂಜೆ ನಮ್ಮನೆಗೆ ಪಾಠಕ್ಕೆ ಬರೋ ಒಂದನೇ ಎರಡನೇ ಕ್ಲಾಸಿನ ಮಕ್ಳ ಜೊತೆ ಈ ನಾಲ್ಕೂ ಇಟ್ಕೊಂಡು ಕಲಿಸಿ ನೋಡಿದೀನಿ. ಯಾವ್ದು ತಗೊಳ್ಳೋಣ ಅಂತ ಪೇರೆಂಟ್ಸ್ ಕೇಳ್ತಾನೇ ಇರ್ತಾರೆ ಅದಕ್ಕೇ ಇದನ್ನ ಬರೀತಿರೋದು. ನಾನು ನೋಡೋದು ಒಂದೇ ವಿಷಯ, ಆ ಸಾಮಾನು ಮುಂದಿದ್ದಾಗ ಮಗು ಒಂದೊಂದೇ ಎಣಿಸ್ತಿದ್ಯಾ ಇಲ್ಲ ನೋಡಿದ ಕೂಡ್ಲೇ ಉತ್ತರ ಕಾಣ್ತಿದ್ಯಾ ಅಂತ. ಎಣಿಸೋದು ಬಿಡದೇ ಇದ್ರೆ ಆ ಸಾಮಾನು ಎಷ್ಟೇ ಚೆನ್ನಾಗಿದ್ರೂ ಅರ್ಧ ದಾರಿಗೇ ಬಿಟ್ಟುಹೋದ ಹಾಗೆ.

ಮೊದ್ಲು ಹುಣಸೆ ಬೀಜ. ‘ಕಳೆಯೋದು’ ಅಂದ್ರೆ ಏನು ಅಂತ ಗೊತ್ತಿಲ್ಲದ ಮಗುಗೆ ಇದಕ್ಕಿಂತ ಒಳ್ಳೇದು ಇಲ್ಲ. ಒಂಬತ್ತು ಇಟ್ಟಿದ್ದೆ, ನಾಲ್ಕು ನೀನು ತಗೊಂಡೆ, ನನ್ ಹತ್ರ ಎಷ್ಟು ಉಳೀತು, ಅಷ್ಟೇ. ಆದ್ರೆ ಬೀಜ ನೆಲದ ಮೇಲೆ ಚೆಲ್ಲಾಪಿಲ್ಲಿ ಬಿದ್ದಿರತ್ತೆ, ನಮ್ ಕಣ್ಣು ಒಂದೇ ನೋಟಕ್ಕೆ ಹಿಡಿಯೋದು ಮೂರೋ ನಾಲ್ಕೋ ಮಾತ್ರ, ಅದಕ್ಕಿಂತ ಜಾಸ್ತಿ ಇದ್ರೆ ಎಣಿಸಲೇಬೇಕು. ಹಂಗಾಗಿ ಇದ್ರಲ್ಲೇ ಉಳಿದ ಮಗು ಎಣಿಕೇಲೇ ಉಳಿಯತ್ತೆ. ಎರಡು ಜಾಗದಲ್ಲಿ ಮಾತ್ರ ನಾನು ಬೀಜ ಬಿಡಲ್ಲ. ಒಂದು, ‘ಯಾರ ಹತ್ರ ಎಷ್ಟು ಜಾಸ್ತಿ’ ಅನ್ನೋ ಲೆಕ್ಕ. ಅಣ್ಣನ ಹತ್ರ 9 ಗೋಲಿ ತಂಗಿ ಹತ್ರ 5, ಅಣ್ಣನ ಹತ್ರ ಎಷ್ಟು ಜಾಸ್ತಿ ಅಂದ್ರೆ ‘ಜಾಸ್ತಿ’ ಅನ್ನೋ ಪದ ಕಿವಿಗೆ ಬಿದ್ದಿದ್ದೇ ಕೂಡಿ 14 ಅಂತಾರೆ. ಬೀಜಾನ ಎರಡು ಸಾಲಲ್ಲಿ ಜೋಡಿಜೋಡಿಯಾಗಿ ಇಟ್ರೆ ಜೋಡಿ ಇಲ್ಲದ ನಾಲ್ಕು ಹೊರಗೆ ಉಳಿಯೋದು ಮಗುಗೇ ಕಾಣತ್ತೆ, ನಾವು ಏನೂ ಹೇಳೋದೇ ಬೇಡ.

ಇನ್ನೊಂದು, ಚೌಕಾಬಾರಕ್ಕೆ ಬೀಜಾನ ಕಲ್ಲಿಗೆ ಉಜ್ಜಿ ಒಂದು ಕಡೆ ಬಿಳಿ ಮಾಡ್ಕೋತೀವಲ್ಲ, ಹಂಗೆ ಉಜ್ಜಿದ ಹತ್ತು ಬೀಜ. ಕೈಯಲ್ಲಿ ಕುಲುಕಿ ಎಸೀರಿ, ಬಿಳಿ ಮೇಲೆ ಬಿದ್ದಿದ್ದು ಆರು ಅಂತ ಎಣಿಸಿದ ತಕ್ಷಣ ಮಿಕ್ಕಿದ್ದನ್ನ ಟವೆಲ್ಲಲ್ಲಿ ಮುಚ್ಚಿ, ಕಂದು ಎಷ್ಟು ಅಂತ ಕೇಳಿ. ಅದೇ 10ರಲ್ಲಿ 6 ಹೋದ್ರೆ. ಹತ್ತರ ಜೋಡಿಗಳು, ಅಂದ್ರೆ 6 ಮತ್ತೆ 4ರ ಥರ ಸೇರಿದ್ರೆ ಹತ್ತಾಗೋವು, ಹಿಂಗೆ ಆಡ್ತಾ ಆಡ್ತಾ ಬಾಯಿಗೆ ಬಂದಷ್ಟು ಬರೆಸಿದ್ರೆ ಬರಲ್ಲ.

ಸಂಖ್ಯಾರೇಖೆ, ಅಂದ್ರೆ ಸಂಖ್ಯೆಗಳನ್ನ ಸಾಲಾಗಿ ಗುರುತು ಹಾಕಿರೋ ಗೆರೆ, ಇದರ ಬಗ್ಗೆ ನನಗೆ ಸಮಾಧಾನ ಇಲ್ಲ, ಇದನ್ನ ನೇರವಾಗೇ ಹೇಳ್ತೀನಿ. ಕೆಲವು ಪುಸ್ತಕಗಳಲ್ಲಿ ಶುರುವಿನಲ್ಲೇ ಇದನ್ನ ಕೊಡ್ತಾರೆ, ಆದ್ರೆ ಆರು ವರ್ಷದ ಮಗುಗೆ 8ರಿಂದ 3 ಹಿಂದೆ ಹೋಗು ಅಂದ್ರೆ 8ರ ಮೇಲೆ ಬೆರಳಿಟ್ಟು ಅದನ್ನೇ ‘ಒಂದು’ ಅಂತ ಎಣಿಸತ್ತೆ, 8, 7, 6, ಉತ್ತರ 6 ಅನ್ನತ್ತೆ. ಎಣಿಸಬೇಕಾಗಿರೋದು ನೆಗೆತಾನ, ನಿಂತಿರೋ ಸಂಖ್ಯೇನಲ್ಲ. ಇದು ಒಂದು ಮಗು ಇಬ್ಬರು ಮಕ್ಳು ಮಾಡೋ ತಪ್ಪಲ್ಲ, ಪೇಪರ್ ಮೇಲಿನ ರೇಖೆ ಕೊಟ್ಟಾಗ ತುಂಬಾ ಮಕ್ಳು ಹಿಂಗೇ ಮಾಡ್ತಾರೆ. ಅಂಗಳದಲ್ಲಿ ಸೀಮೆಸುಣ್ಣದಲ್ಲಿ ಬರೆದು ಮಗೂನೇ ನಿಲ್ಲಿಸಿ ಹಿಂದಕ್ಕೆ ಕುಪ್ಪಳಿಸು ಅಂದ್ರೆ ಸರಿಹೋಗತ್ತೆ ಯಾಕಂದ್ರೆ ನಿಂತಿರೋ ಜಾಗ ನೆಗೆತ ಅಲ್ಲ ಅಂತ ಕಾಲಿಗೇ ಗೊತ್ತಾಗತ್ತೆ. ಆದ್ರೂ 13ರಿಂದ 7 ಅಂದ್ರೆ ಏಳು ಸಲ ನೆಗೀಬೇಕು, ಅದೂ ಎಣಿಕೇನೇ. ಮುಂದೆ 52ರಲ್ಲಿ 48 ಹೋದ್ರೆ ಅನ್ನೋ ಥರದ ಲೆಕ್ಕಕ್ಕೆ, 48ರಿಂದ 50ಕ್ಕೆ ಎರಡು, 50ರಿಂದ 52ಕ್ಕೆ ಎರಡು ಅಂತ ಮುಂದಕ್ಕೆ ಹೋಗೋಕೆ ಇದು ಬಹಳ ಚೆನ್ನಾಗಿದೆ. ಅಲ್ಲಿವರೆಗೂ ಗೋಡೆ ಮೇಲಿರಲಿ.

ಚಿತ್ರಕ್ಕೆ ಗೆರೆ ಹೊಡೆಯೋ ವರ್ಕ್‌ಶೀಟು, ಬಲೂನು ಒಡೆಯೋ ಆ್ಯಪ್ ಇವೆಲ್ಲಾ ಬೀಜದ ಕೆಲಸಾನೇ ಮಾಡೋದು, ಕೈಗೆ ಸಿಗಲ್ಲ ಅನ್ನೋದೊಂದು ಕೊರತೆ ಜೊತೆಗೆ.

ಮೊಟ್ಟೆ ಟ್ರೇ ನೋಡಿ, ಅಂಗಡೀಲಿ ಸಿಗೋ 30 ಮೊಟ್ಟೆಯ ರಟ್ಟಿನ ಟ್ರೇಲಿ ಐದೈದರ ಆರು ಸಾಲು ಇರತ್ತೆ. ಎರಡೆರಡು ಸಾಲಿಗೆ ಕತ್ತರಿಸಿದ್ರೆ ಹತ್ತು ಗುಳಿಯ ಮೂರು ತುಂಡು, ಗುಳಿಗೊಂದು ಬೀಜ. ಮೇಲಿನ ಸಾಲು ತುಂಬಿದ ಮೇಲೇ ಕೆಳಗಿನ ಸಾಲು ಅನ್ನೋ ಒಂದು ನಿಯಮ ಇಟ್ಕೊಳಿ, ಅದು ತಪ್ಪಬಾರದು. ಆಗ 8 ಅಂದ್ರೆ ಒಂದು ತುಂಬಿದ ಸಾಲು ಮತ್ತೆ ಮೂರು, ಎರಡು ಖಾಲಿ. ಖಾಲಿ ಗುಳಿ ಕಾಣೋದೇ ಇದರ ಶಕ್ತಿ, 10ರಲ್ಲಿ 8 ಹೋದ್ರೆ ಎಷ್ಟು ಅಂತ ಆ ಎರಡು ಖಾಲಿ ಗುಳಿಗಳೇ ಹೇಳ್ತವೆ. 13ಕ್ಕೆ ಒಂದು ತುಂಡು ಪೂರ್ತಿ ತುಂಬಿ ಇನ್ನೊಂದ್ರಲ್ಲಿ ಮೂರು ಇಟ್ಟೆವು ಅನ್ಕೊಳಿ. ಏಳು ತೆಗಿ ಅಂದ್ರೆ ಟೀಚರ್‌ಗಳು ಸಾಮಾನ್ಯವಾಗಿ ಹೇಳ್ಕೊಡೋದು ಆ ಮೂರು ಮೊದ್ಲು ತೆಗೆದು ಆಮೇಲೆ ಹತ್ತರಿಂದ ನಾಲ್ಕು ತೆಗೆಯೋದು. ನಮ್ಮಲ್ಲಿ ಬರೋ ಒಬ್ಳು ಪುಟ್ಟಿ ಆ ಮೂರನ್ನ ಮುಟ್ಟಲೇ ಇಲ್ಲ, ತುಂಬಿದ ಟ್ರೇಯಿಂದ ಏಳನ್ನ ಒಟ್ಟಿಗೇ ಎತ್ತಿಕೊಂಡು ‘ಇಲ್ಲಿ ಮೂರು, ಅಲ್ಲಿ ಮೂರು, ಆರು ಮಿಸ್’ ಅಂದ್ಳು. ಇದು ಸುಲಭದ ದಾರಿ ಕಣ್ರೀ, ಹತ್ತರ ಜೋಡಿ ಗೊತ್ತಿದ್ರೆ ಸಾಕು, ಉಳಿದಿದ್ದು ಬರೀ ಕೂಡೋದು. ಇಪ್ಪತ್ತರೊಳಗಿನ ಕಷ್ಟದ ಲೆಕ್ಕಕ್ಕೆ, 15ರಲ್ಲಿ 8, 14ರಲ್ಲಿ 9 ಇಂಥವಕ್ಕೆ, ನನ್ನ ಮತ ಮೊಟ್ಟೆ ಟ್ರೇಗೇ.

ಹತ್ತರೊಳಗಿನ ಲೆಕ್ಕಕ್ಕೆ ಮಾತ್ರ ಮಣಿಸರ ಎಲ್ಲಕ್ಕಿಂತ ಮೇಲು. ಐದು ಕೆಂಪು, ಐದು ಬಿಳಿ, ಮತ್ತೆ ಐದು ಕೆಂಪು, ಐದು ಬಿಳಿ, ಒಟ್ಟು 20 ಮಣಿ, ಗಟ್ಟಿ ದಾರಕ್ಕೆ ಪೋಣಿಸಿ ಮಣಿ ಸರಿಸೋಕೆ ಒಂದು ಗೇಣು ದಾರ ಖಾಲಿ ಬಿಡಿ. ನೆದರ್ಲೆಂಡ್ಸ್ ಶಾಲೆಗಳಲ್ಲಿ ಇದೇ ಐದೈದರ ಬಣ್ಣ ಇಟ್ಕೊಂಡು ಎರಡು ಕಂಬಿಯ ಚೌಕಟ್ಟು ಬಳಸ್ತಾರೆ, ರೆಕೆನ್‌ರೆಕ್ ಅಂತ ಅದರ ಹೆಸರು, ನಮಗೆ ದಾರಾನೇ ಸಾಕು. 9ರಲ್ಲಿ 4 ಅಂದ್ರೆ ನಾಲ್ಕು ಬಿಳಿ ಆಚೆ ತಳ್ಳಿದ್ರೆ ಐದು ಕೆಂಪು ಅಲ್ಲೇ ನಿಂತಿರತ್ತೆ, ಎಣಿಸೋ ಮಾತೇ ಇಲ್ಲ. ಇನ್ನೊಂದು ಮುಖ್ಯವಾದ್ದು, ಇಲ್ಲಿ ಮಣಿ ಎಲ್ಲೂ ಹೋಗಲ್ಲ, ಪಕ್ಕಕ್ಕೆ ಸರಿಯತ್ತೆ ಅಷ್ಟೇ. ಎಂಟು ಮಣಿ ತೋರಿಸಿ ಮೂರನ್ನ ಅಂಗೈಲಿ ಮುಚ್ಚಿ ಒಳಗೆಷ್ಟು ಅಂದ್ರೆ ಐದಕ್ಕೆ ಎಷ್ಟು ಸೇರಿದ್ರೆ ಎಂಟು ಅಂತ ಯೋಚನೆ ಮಾಡತ್ತೆ ಮಗು, ಹಂಗಾಗಿ 5+3, 3+5, 8−5, 8−3 ನಾಲ್ಕೂ ಒಟ್ಟಿಗೇ ಕೂರತ್ತೆ. ಒಂದಂಕಿಯ ಕೂಡೋ ಕೋಷ್ಟಕದಿಂದ ಹುಟ್ಟೋ ಕಳೆಯೋ ಲೆಕ್ಕ ಒಟ್ಟು 100, ಅದನ್ನೆಲ್ಲಾ ಮಗ್ಗಿ ಥರ ಬಾಯಿಪಾಠ ಮಾಡ್ಸೋದು ಮಕ್ಳಿಗೆ ಹಿಂಸೆ, ಕೂಡೋದ್ರ ಜೊತೆ ಹಿಂಗೆ ಕಟ್ಟಿಬಿಟ್ರೆ ಹೊಸದಾಗಿ ಕಲಿಯೋದು ಬಹಳ ಕಮ್ಮಿ.

ಅಂಗೈಲಿ ಮುಚ್ಚೋದು ಶುರುವಾದ ಮೇಲೆ ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಮುಚ್ಚಿ. ಕೊನೆಗೆ ಸರಾನೇ ಡಬ್ಬಿಗೆ ಹಾಕಿ ‘ಕಣ್ಮುಚ್ಚಿ ಮಣಿ ನೆನಪಿಸ್ಕೊ, ಏಳರಲ್ಲಿ ಐದು ಹೋದ್ರೆ?’ ಅಂತ ಕೇಳಿ. ತಡವರಿಸಿದ್ರೆ ಬೈಬೇಡಿ, ಡಬ್ಬಿ ತೆಗೆದು ಮತ್ತೆ ತೋರಿಸಿ.

ಮಣಿ ತಗೊಳ್ಳುವಾಗ ಕೆಂಪು–ಹಸಿರು ಜೋಡಿ ಬೇಡ, ಕೆಲವು ಮಕ್ಳಿಗೆ, ಅದ್ರಲ್ಲೂ ಗಂಡುಮಕ್ಳಿಗೆ, ಆ ಎರಡು ಬಣ್ಣದ ವ್ಯತ್ಯಾಸ ಸರಿಯಾಗಿ ಕಾಣಲ್ಲ, ಮನೇಲಿ ಯಾರಿಗೂ ಗೊತ್ತೂ ಇರಲ್ಲ. ಒಂದು ಗಾಢ ಬಣ್ಣ, ಒಂದು ಬಿಳಿ ತಗೊಳಿ. ಮನೇಲಿ ಇನ್ನೂ ಚಿಕ್ಕ ಮಗು ಇದ್ರೆ ಬೀಜ, ಮಣಿ ಎರಡೂ ಪಾಠ ಮುಗಿದ ಮೇಲೆ ಎತ್ತರದ ಶೆಲ್ಫಿಗೆ ಹೋಗ್ಲಿ, ಬಾಯಿಗೆ ಮೂಗಿಗೆ ಹಾಕ್ಕೊಂಡುಬಿಡ್ತವೆ.