ಸೋತರೆ ಏನಾಗುತ್ತೆ? ಈವ್ ಆನ್‌ಲೈನ್ ಮತ್ತು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್
ಎರಡೂ ಬಹಳಷ್ಟು ಜನ ಒಂದೇ ಲೋಕದಲ್ಲಿ ಒಟ್ಟಿಗೆ ಆಡುವ ಆನ್‌ಲೈನ್ ಆಟಗಳು. ವಾರ್‌ಕ್ರಾಫ್ಟ್‌ನಲ್ಲಿ (2004) ನಿಮ್ಮ ಪಾತ್ರ ಸತ್ತರೆ ದೆವ್ವವಾಗಿ ಓಡಿಹೋಗಿ ನಿಮ್ಮ ಹೆಣವನ್ನು ನೀವೇ ಹುಡುಕಿಕೊಂಡರೆ ಮತ್ತೆ ಜೀವ. ಕವಚ ಸ್ವಲ್ಪ ಸವೆದಿರುತ್ತೆ, ರಿಪೇರಿಗೆ ಒಂದಿಷ್ಟು ಚಿನ್ನ, ಅಷ್ಟೇ.

ಈವ್‌ನಲ್ಲಿ (2003) ನಿಮ್ಮ ಬಾಹ್ಯಾಕಾಶ ನೌಕೆ ಸಿಡಿದರೆ ಹೋದದ್ದು ಹೋಯಿತು. ವಿಮೆ ನೌಕೆಗೆ ಒಂದಿಷ್ಟು ತುಂಬಿಕೊಡುತ್ತೆ, ಒಳಗಿದ್ದ ಸರಕಿಗೆ ಬಿಡಿಗಾಸಿಲ್ಲ. ಅವಶೇಷದಲ್ಲಿ ಉಳಿದದ್ದನ್ನು ಹೊಡೆದವನೇ ಬಾಚಿಕೊಳ್ಳಬಹುದು! ನೌಕೆಗಳನ್ನು ಬಹುಪಾಲು ಆಟಗಾರರೇ ಕಟ್ಟುವುದರಿಂದ ನಿಮ್ಮ ನಷ್ಟ ಇನ್ನೊಬ್ಬರ ವ್ಯಾಪಾರ. ಆ ಎದೆಬಡಿತಕ್ಕೆ ಸಾಟಿಯಿಲ್ಲ, ಆದರೆ ಮಧ್ಯೆ ಸುಮ್ಮನೆ ಕಾಯುವ ಹೊತ್ತೂ ಜಾಸ್ತಿ.

ದಿನಕ್ಕೆ ಒಂದೇ ಗಂಟೆ ಬಿಡುವಿದ್ದವರಿಗೆ ನಾನು ಹೇಳುವುದು ವಾರ್‌ಕ್ರಾಫ್ಟ್. ಅದು ತೀರಾ ಸಪ್ಪೆ ಅನ್ನಿಸಿದರೆ, 2023ರಲ್ಲಿ ಬಂದ ಅದರ ಹಾರ್ಡ್‌ಕೋರ್ ಸರ್ವರ್‌ಗಳಿವೆ: ಅಲ್ಲಿ ಒಮ್ಮೆ ಸತ್ತರೆ ಪಾತ್ರದ ಕಥೆ ಮುಗಿಯಿತು.